ಮಂದ್ರದ ಗೆಳೆಯರು: ಪುಣೆಯಲ್ಲಿ ಬೇಸ್ ಗಿಟಾರ್ ವಾದಕರ ಸ್ನೇಹಕೂಟ ನಡೆಸುವ ಬಗೆ

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಆದರೆ ಊಟ ಮಾಡಿದವರು ಸಾರನ್ನು ಹೊಗಳುತ್ತಾರೆ, ಪಲ್ಯವನ್ನು ಹೊಗಳುತ್ತಾರೆ. ಉಪ್ಪನ್ನು ಹೊಗಳಿದವರನ್ನು ನಾವು ಕಂಡಿಲ್ಲ. ಅದು ಕಡಿಮೆಯಾದ ದಿನ ಮಾತ್ರ ಅದರ ನೆನಪಾಗುತ್ತದೆ. ವಾದ್ಯವೃಂದದಲ್ಲಿ ಬೇಸ್ ಗಿಟಾರ್ ನುಡಿಸುವವರ ಸ್ಥಾನವೂ ಹೆಚ್ಚು ಕಡಿಮೆ ಇದೇ ಆಗಿದೆ. ರಘು ದೀಕ್ಷಿತ್ ಅವರ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲ ಕನ್ನಡಿಗರು ಅಸಂಖ್ಯ. ಅವರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಗೌರವ್ ವಾಜ್ ಅವರ ಹೆಸರನ್ನು ಬಲ್ಲವರು ಅಷ್ಟಿಲ್ಲ. ‘ಸ್ವರಾತ್ಮ’ ತಂಡದ ಬೇಸ್ ವಾದಕ ಜಿಷ್ಣು ದಾಸ್‌ಗುಪ್ತ ಅವರ ವಿಷಯದಲ್ಲಿಯೂ ಇದೇ ಮಾತು ಹೇಳಬಹುದು.

ಪುಣೆಯಲ್ಲಿ ಉದ್ಯೋಗ ಅಥವಾ ವಿದ್ಯಾಭ್ಯಾಸಕ್ಕಾಗಿ ನೆಲೆಸಿರುವ ನಮ್ಮ ತರುಣ ತರುಣಿಯರಲ್ಲಿ ಈ ವಾದ್ಯವನ್ನು ನುಡಿಸುವವರು ಇದ್ದಾರೆ. ಅವರು ಒಂದೆಡೆ ಸೇರಿ ಅನೌಪಚಾರಿಕವಾಗಿ ಒಂದು ಸಂಜೆ ಕಳೆಯಬೇಕೆಂದರೆ ಏನೇನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ವಾದ್ಯದ ಪರಿಚಯ

ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಮಂದ್ರಸ್ವರಕ್ಕಾಗಿ ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯವನ್ನು ಬಳಸುವುದು ರೂಢಿ. ಅದನ್ನು ಹೊತ್ತು ತಿರುಗುವುದು ಕಷ್ಟ. ಗದ್ದಲದ ನಡುವೆ ಅದರ ದನಿ ಕೇಳಿಸುವುದೂ ಕಷ್ಟ. ಅಮೆರಿಕದ ಲಿಯೋ ಫೆಂಡರ್ ಅವರು 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಇಂದು ಬಳಕೆಯಲ್ಲಿರುವ ಬಹುತೇಕ ಬೇಸ್ ಗಿಟಾರುಗಳು ಅದರ ವಂಶದವೇ. ಕಂಪಿಸುವ ತಂತಿಯ ಉದ್ದ ಸಾಮಾನ್ಯವಾಗಿ 34 ಅಂಗುಲ. ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿಗೊಳಿಸುತ್ತಾರೆ. ಅತ್ಯಂತ ದಪ್ಪನೆಯ ಇ ತಂತಿಯು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಿದರೆ, ಜಿ ತಂತಿಯು 98 ಬಾರಿ ಕಂಪಿಸುತ್ತದೆ.

ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಇಳಯರಾಜ ಅವರು ನೀಡಿದ ಸಂಗೀತವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೊಮ್ಮೆ ಆಲಿಸುವಂತೆ ವಾಚಕರಲ್ಲಿ ನಮ್ಮ ವಿನಂತಿ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವುದು ಆಗ ಗಮನಕ್ಕೆ ಬರುತ್ತದೆ.

ಪುಣೆಗೂ ಮಂದ್ರಕ್ಕೂ ಇರುವ ನಂಟು

ಬೇಸ್ ಗಿಟಾರ್ ಪರದೇಶದ ವಾದ್ಯವಾದರೂ, ಅದು ಮಾಡುವ ಕೆಲಸ ಪುಣೆಯ ಕನ್ನಡಿಗರಿಗೆ ಹೊಸದಲ್ಲ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಬಳಿಕ, ಗದಗಿನ ಮಣ್ಣಿನಿಂದ ಬಂದ ಪಂಡಿತ ಭೀಮಸೇನ ಜೋಶಿಯವರು ಗುರುವಿನ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಆ ವೇದಿಕೆಯಲ್ಲಿ ಗಾಯಕರ ಹಿಂದೆ ಕುಳಿತು ತಂಬೂರಿ ಮೀಟುವವರನ್ನು ನಾವೆಲ್ಲರೂ ನೋಡಿದ್ದೇವೆ. ತಂಬೂರಿಯ ನಾಲ್ಕನೆಯ ತಂತಿಗೆ ಖರಜ ಎಂದು ಹೆಸರು. ಗಾಯಕರು ಕರಿ ಒಂದರ ಶ್ರುತಿಯಲ್ಲಿ ಹಾಡುತ್ತಿದ್ದರೆ ಆ ಖರಜ ಸೆಕೆಂಡಿಗೆ ಸುಮಾರು 69 ಬಾರಿ ಕಂಪಿಸುತ್ತದೆ. ಅಂದರೆ ಅದು ಬೇಸ್ ಗಿಟಾರಿನ ಎ ಮತ್ತು ಡಿ ತಂತಿಗಳ ನಡುವೆ ಬಂದು ನಿಲ್ಲುತ್ತದೆ.

ತಂಬೂರಿಗೆ ಹೆಸರಾದ ಮಿರಜ ಪಟ್ಟಣವೂ ನಮ್ಮ ಗಡಿಯ ಪಕ್ಕದಲ್ಲಿದೆ. ಆಯುಧ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ 19ನೆಯ ಶತಮಾನದಲ್ಲಿ ತಂತಿವಾದ್ಯಗಳ ತಯಾರಿಕೆಗೆ ಕೈ ಹಾಕಿದರು. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಎಲ್ಲವನ್ನೂ ಇಲ್ಲಿ ಹೇಳಲು ಕಾರಣವಿದೆ. ತಂಬೂರಿ ಮೀಟುವವರು ಬಹುಮಟ್ಟಿಗೆ ಗಾಯಕರ ಶಿಷ್ಯರು. ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು, ಒಬ್ಬರ ಕೈಯನ್ನು ಒಬ್ಬರು ನೋಡಿ ಕಲಿಯುತ್ತಾರೆ. ಬೇಸ್ ವಾದಕರಿಗೆ ಈ ಭಾಗ್ಯವಿಲ್ಲ.

ಕೂಟದ ಅವಶ್ಯಕತೆ ಏಕೆ?

ಒಂದು ತಂಡದಲ್ಲಿ ಇಬ್ಬರು ಗಿಟಾರ್ ವಾದಕರು ಇರಬಹುದು, ಮೂವರು ಗಾಯಕರು ಇರಬಹುದು. ಬೇಸ್ ವಾದಕರು ಮಾತ್ರ ಒಬ್ಬರೇ. ಹೀಗಾಗಿ ಹತ್ತು ವರ್ಷ ವೇದಿಕೆ ಏರಿದ ಬೇಸ್ ವಾದಕರಿಗೆ ಊರಿನ ತಬಲಾ, ಡ್ರಮ್ಸ್, ಕೀಬೋರ್ಡ್ ವಾದಕರೆಲ್ಲರ ಪರಿಚಯವಿರುತ್ತದೆ. ಇನ್ನೊಬ್ಬ ಬೇಸ್ ವಾದಕರ ಪರಿಚಯವೇ ಇರುವುದಿಲ್ಲ. ಒಬ್ಬರು ಬಂದರೆ ಇನ್ನೊಬ್ಬರಿಗೆ ಅಲ್ಲಿ ಕೆಲಸವಿಲ್ಲದ ಕಾರಣ, ಇಬ್ಬರು ಭೇಟಿಯಾಗುವ ಪ್ರಸಂಗವೇ ಒದಗುವುದಿಲ್ಲ. ಗಣೇಶೋತ್ಸವಕ್ಕೆ ಮುನ್ನ ನದಿಯ ದಡದಲ್ಲಿ ನೂರಾರು ಮಂದಿ ಒಟ್ಟಾಗಿ ಢೋಲು ಬಾರಿಸಿ ಅಭ್ಯಾಸ ಮಾಡುವ ಊರಿನಲ್ಲಿ ಇದೊಂದು ವಿಚಿತ್ರವಾದ ಒಂಟಿತನ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಮಣಿಕಟ್ಟಿನ ನೋವನ್ನು ಹೇಗೆ ತಪ್ಪಿಸಿಕೊಳ್ಳಬೇಕು, ಮಳೆಗಾಲದಲ್ಲಿ ಬಾಗಿದ ವಾದ್ಯದ ಕತ್ತನ್ನು ಹೇಗೆ ಸರಿಪಡಿಸಬೇಕು, ಗಾಯಕರು ಒಮ್ಮೆಲೇ ಶ್ರುತಿ ಬದಲಿಸಿದಾಗ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಅದೇ ವಾದ್ಯವನ್ನು ನುಡಿಸುವವರು ಮಾತ್ರ. ಅನೇಕ ವಾದ್ಯಗೋಷ್ಠಿಗಳಲ್ಲಿ ಖರ್ಚು ಉಳಿಸಲು ಕೀಬೋರ್ಡ್ ವಾದಕರ ಎಡಗೈಗೇ ಬೇಸ್ ಕೆಲಸವನ್ನು ವಹಿಸುವುದುಂಟು. ಕೇಳುವವರು, ಹೇಳುವವರು ಇಲ್ಲದೆ ಎಷ್ಟೋ ಮಂದಿ ವಾದ್ಯವನ್ನು ಗೋಡೆಗೆ ಒರಗಿಸಿ ಸುಮ್ಮನಾಗುತ್ತಾರೆ.

ಹೊರದೇಶಗಳಲ್ಲಿ ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಡಬಲ್ ಬೇಸ್ ವಾದಕ ಗ್ಯಾರಿ ಕಾರ್ ಅವರು 1967ರಲ್ಲಿ ಸ್ಥಾಪಿಸಿದ ಅಂತಾರಾಷ್ಟ್ರೀಯ ಬೇಸ್ ವಾದಕರ ಸಂಘವು ಎರಡು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನವನ್ನು ನಡೆಸುತ್ತ ಬಂದಿದೆ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ಒಂದು ಕೋಣೆ, ಏಳೆಂಟು ಜನ, ಚಹಾ ಇದ್ದರೆ ಸಾಕು.

ಮೊದಲ ಭೇಟಿ ವಾದ್ಯವಿಲ್ಲದೆ

ಮೊದಲ ಸಲ ವಾದ್ಯಗಳನ್ನು ತರದಿರುವುದು ಲೇಸು. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿಯವರು ಬೆಳೆಸಿದ ‘ವೈಶಾಲಿ’ಯಂತಹ ಉಪಾಹಾರ ಗೃಹದಲ್ಲಿ ಒಂದು ಗಂಟೆ ಕುಳಿತರೆ ಪರಸ್ಪರ ಪರಿಚಯವಾಗುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಸರದಿ ಉದ್ದವಿರುವುದರಿಂದ ವಾರದ ನಡುವಿನ ಸಂಜೆಯನ್ನು ಆರಿಸಿಕೊಳ್ಳಬೇಕು. ಯಾರು ಏನನ್ನು ನುಡಿಸುತ್ತಾರೆ, ಎಷ್ಟು ವರ್ಷದ ಅನುಭವ, ಯಾರ ಮನೆಯಲ್ಲಿ ಜಾಗವಿದೆ ಎಂಬುದನ್ನು ಅಲ್ಲಿಯೇ ವಿಚಾರಿಸಿಕೊಳ್ಳಬಹುದು. ಐದಕ್ಕಿಂತ ಕಡಿಮೆಯಾದರೆ ಕೂಟ ಕಳೆಗುಂದುತ್ತದೆ, ಎಂಟಕ್ಕಿಂತ ಹೆಚ್ಚಾದರೆ ಎಲ್ಲರ ಸರದಿ ಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಸ್ಥಳ ಮತ್ತು ಸಮಯ

ಇ ತಂತಿಯ ಧ್ವನಿತರಂಗದ ಉದ್ದ ಸುಮಾರು 8 ಮೀಟರು. ಪರದೆ, ಹಾಸಿಗೆ, ಕಂಬಳಿಗಳಿಂದ ಅದನ್ನು ತಡೆಯಲಾಗದು. ಗೋಡೆ ದಾಟಿ ಅದು ನೆರೆಮನೆಗೆ ಹೋಗುತ್ತದೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯಿದೆ. ಈ ಅಳತೆಯ ಪದ್ಧತಿಯಲ್ಲಿ ಮಂದ್ರಸ್ವರಗಳನ್ನು ಕಡಿಮೆ ಮಾಡಿ ಎಣಿಸುತ್ತಾರೆ. 40 ಕಂಪನದ ಆಸುಪಾಸಿನಲ್ಲಿ ಈ ಕಡಿತ ಸುಮಾರು 35 ಡೆಸಿಬೆಲ್‌ನಷ್ಟು. ಆದ್ದರಿಂದ ಮಾಪಕ ಸುಮ್ಮನಿದ್ದರೂ ನೆರೆಮನೆಯ ಪಾತ್ರೆಗಳು ಸುಮ್ಮನಿರುವುದಿಲ್ಲ. ನೆಲಮಹಡಿಯ ಮನೆ, ಅಥವಾ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಅಭ್ಯಾಸ ಕೊಠಡಿ ಉತ್ತಮ. ಮೇಲಂತಸ್ತಿನ ಮನೆಯಾದರೆ ನೆರೆಯವರಿಗೆ ಮೊದಲೇ ತಿಳಿಸಿ, ಸಾಧ್ಯವಾದರೆ ಅವರನ್ನೂ ಚಹಾಕ್ಕೆ ಕರೆಯುವುದು ಸೌಜನ್ಯ.

ವಾದ್ಯದ ತೂಕ ನಾಲ್ಕು ಕಿಲೋಗ್ರಾಂ ಆಸುಪಾಸಿನಲ್ಲಿರುವುದರಿಂದ ವನಾಜ್–ರಾಮವಾಡಿ ಮೆಟ್ರೋ ಮಾರ್ಗದ ಸಮೀಪದ ಸ್ಥಳ ಅನುಕೂಲ. ತಿಂಗಳುಗಳ ವಿಷಯದಲ್ಲಿಯೂ ವಿವೇಚನೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗಣೇಶೋತ್ಸವ, ನವರಾತ್ರಿ, ನವೆಂಬರಿನ ರಾಜ್ಯೋತ್ಸವಗಳಲ್ಲಿ ವಾದಕರಿಗೆ ಕಾರ್ಯಕ್ರಮಗಳಿರುತ್ತವೆ. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವ. ಜನವರಿ, ಫೆಬ್ರವರಿಯ ಭಾನುವಾರ ಸಂಜೆ 4ರಿಂದ 7ರವರೆಗಿನ ಅವಧಿ ಬಹುಜನರಿಗೆ ಒಪ್ಪುತ್ತದೆ.

ಸಲಕರಣೆಗಳು

ಪ್ರತಿಯೊಬ್ಬರೂ ಆಂಪ್ಲಿಫೈಯರ್ ತರುವ ಅಗತ್ಯವಿಲ್ಲ. ಒಂದು ಬೇಸ್ ಆಂಪ್ಲಿಫೈಯರ್ ಸಾಕು, ಎರಡಾದರೆ ಧಾರಾಳ. ಸಾಧಾರಣ ಗಿಟಾರಿನ ಚಿಕ್ಕ ಆಂಪ್ಲಿಫೈಯರಿನಲ್ಲಿ ಬೇಸ್ ಅನ್ನು ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಹಾಳಾಗಬಹುದು. ವಿದ್ಯುತ್ ಸಂಪರ್ಕಕ್ಕೆ ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಬೇಕು. ವಾದಕರ ಬೆರಳು ಸದಾ ಲೋಹದ ತಂತಿಯ ಮೇಲಿರುವುದರಿಂದ ಈ ವಿಷಯದಲ್ಲಿ ಉದಾಸೀನ ಸಲ್ಲದು. ತಂತು, ಪಿನ್ನು, ಅಡಾಪ್ಟರುಗಳು ಬುಧವಾರ ಪೇಟೆಯ ತಾಪಕೀರ ಗಲ್ಲಿಯಲ್ಲಿ ದೊರೆಯುತ್ತವೆ. ಒಂದು ಚಿಕ್ಕ ಮಿಕ್ಸರ್ ಹಾಗೂ ಹೆಡ್‌ಫೋನುಗಳಿದ್ದರೆ ಇಡೀ ಕೂಟವನ್ನು ನೆರೆಯವರಿಗೆ ಕೇಳಿಸದಂತೆಯೂ ನಡೆಸಬಹುದು.

ನಾಲ್ಕು ತಂತಿಗಳು ಸೇರಿ ವಾದ್ಯದ ಕತ್ತನ್ನು ಸುಮಾರು 75ರಿಂದ 80 ಕಿಲೋಗ್ರಾಂ ಬಲದಿಂದ ಎಳೆಯುತ್ತಿರುತ್ತವೆ. ಈ ಎಳೆತಕ್ಕೆ ಎದುರಾಗಿ ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. ಅದನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಲ್ಲವರು ಕೂಟದಲ್ಲಿ ಇದನ್ನು ಮಾಡಿ ತೋರಿಸಿದರೆ ಹೊಸಬರಿಗೆ ಬಹಳ ಉಪಕಾರವಾಗುತ್ತದೆ.

ನಮ್ಮದೊಂದು ಅನುಭವ

ನಮ್ಮ ಬಳಗದ ಏಳು ಮಂದಿ ಕೋಥ್ರೂಡಿನ ಮನೆಯೊಂದರಲ್ಲಿ ಮೊದಲ ಸಲ ಸೇರಿದಾಗ ಉತ್ಸಾಹದಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿದೆವು. ಹತ್ತು ನಿಮಿಷದಲ್ಲಿ ಯಾರು ಏನನ್ನು ನುಡಿಸುತ್ತಿದ್ದಾರೆಂಬುದು ಯಾರಿಗೂ ತಿಳಿಯದಂತಾಯಿತು. ಇದಕ್ಕೆ ಕಾರಣ ಸರಳ. ಒಂದು ತಂತಿ 41 ಬಾರಿ, ಇನ್ನೊಂದು 42 ಬಾರಿ ಕಂಪಿಸಿದರೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಅಲ್ಲದೆ ಮಂದ್ರದಲ್ಲಿ ಹತ್ತಿರ ಹತ್ತಿರದ ಸ್ವರಗಳನ್ನು ಬಿಡಿಸಿ ಕೇಳುವ ಶಕ್ತಿ ನಮ್ಮ ಕಿವಿಗೆ ಕಡಿಮೆ. ಅಷ್ಟರಲ್ಲಿ ಕೆಳಮನೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಸಂಗೀತದ ಬಗ್ಗೆ ಅವರ ತಕರಾರಿರಲಿಲ್ಲ. ಕಪಾಟಿನ ಗಾಜು ನಡುಗುತ್ತಿದೆ ಎಂದಷ್ಟೇ ಹೇಳಿದರು.

ಅವರನ್ನು ಒಳಗೆ ಕರೆದು ಕುಳ್ಳಿರಿಸಿ, ದನಿಯನ್ನು ತಗ್ಗಿಸಿ, ಒಬ್ಬೊಬ್ಬರಾಗಿ ನುಡಿಸತೊಡಗಿದೆವು. ಒಬ್ಬರು ನುಡಿಸುವಾಗ ಉಳಿದ ಆರು ಮಂದಿ ಅವರ ಬಲಗೈಯನ್ನೇ ನೋಡುತ್ತಿದ್ದೆವು. ಹನ್ನೆರಡು ವರ್ಷಗಳಿಂದ ತಂಡವೊಂದರಲ್ಲಿ ನುಡಿಸುತ್ತಿದ್ದ ಗೆಳೆಯರೊಬ್ಬರು, ಇನ್ನೊಬ್ಬರ ಬೆರಳುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದರು. ತಮ್ಮ ಮಣಿಕಟ್ಟು ಏಕೆ ನೋಯುತ್ತಿತ್ತೆಂಬುದೂ ಅವರಿಗೆ ಅಂದೇ ತಿಳಿಯಿತು: ಅವರು ಕೈಯನ್ನು ಅತಿಯಾಗಿ ಮಡಿಸಿ ನುಡಿಸುತ್ತಿದ್ದರು. ಅದನ್ನು ಗಮನಿಸಿ ಹೇಳಿದ್ದು ಎರಡು ವರ್ಷದಿಂದ ಮಾತ್ರ ಕಲಿಯುತ್ತಿದ್ದ ವಿದ್ಯಾರ್ಥಿನಿ.

ಪಾಲಿಸಬೇಕಾದ ಕ್ರಮ

ಆ ಅನುಭವದಿಂದ ನಾವು ಕಂಡುಕೊಂಡ ಕ್ರಮ ಹೀಗಿದೆ.

1. ಆರಂಭದಲ್ಲಿ ಎಲ್ಲರೂ ಒಂದೇ ಶ್ರುತಿಗೆ ವಾದ್ಯವನ್ನು ಹೊಂದಿಸಿಕೊಳ್ಳಬೇಕು. ದಪ್ಪ ತಂತಿಯ ಐದನೆಯ ಮನೆಯ ಅನುಸ್ವರವೂ ಅದರ ಪಕ್ಕದ ತೆಳು ತಂತಿಯ ಏಳನೆಯ ಮನೆಯ ಅನುಸ್ವರವೂ ಒಂದೇ ಆಗಿರಬೇಕು.

2. ಪ್ರತಿಯೊಬ್ಬರಿಗೂ ಹತ್ತು ನಿಮಿಷ. ನುಡಿಸುವುದರ ಜೊತೆಗೆ ತಮಗೆ ಒಲಿಯದ ಒಂದು ಭಾಗವನ್ನೂ ಮುಚ್ಚುಮರೆಯಿಲ್ಲದೆ ತೋರಿಸಬೇಕು.

3. ಇಬ್ಬರು ಜೊತೆಯಾಗಿ ನುಡಿಸುವುದಾದರೆ ಒಬ್ಬರು ಮಂದ್ರದಲ್ಲಿ, ಇನ್ನೊಬ್ಬರು ಹನ್ನೆರಡನೆಯ ಮನೆಯ ಮೇಲಿನ ಸ್ವರಗಳಲ್ಲಿ ಇರಬೇಕು.

4. ವಾದ್ಯಗಳನ್ನು ಅದಲು ಬದಲು ಮಾಡಿಕೊಂಡು ನೋಡುವುದಕ್ಕೆ ಅರ್ಧ ಗಂಟೆ ಮೀಸಲಿಡಬೇಕು. ಒಡೆಯರ ಅನುಮತಿಯಿಲ್ಲದೆ ಯಾರ ವಾದ್ಯವನ್ನೂ ಮುಟ್ಟಬಾರದು.

5. ಬೆಲೆಬಾಳುವ ವಾದ್ಯ ಉಳ್ಳವರು, ಅಗ್ಗದ ವಾದ್ಯ ಉಳ್ಳವರು ಎಂಬ ಭೇದ ಸಲ್ಲದು. ಕನ್ನಡ, ಮರಾಠಿ, ಕೊಂಕಣಿ, ಯಾವ ಭಾಷೆಯವರಾದರೂ ಸ್ವಾಗತ.

6. ಚಹಾ, ತಿಂಡಿಯ ಖರ್ಚನ್ನು ಸಮನಾಗಿ ಹಂಚಿಕೊಳ್ಳಬೇಕು. ಅಧ್ಯಕ್ಷರು, ಹಾರ ತುರಾಯಿ, ವಂದನಾರ್ಪಣೆ ಯಾವುದೂ ಬೇಡ.

ಕೂಟ ಮುಗಿಯುವ ಮುನ್ನ ಮುಂದಿನ ಭೇಟಿಯ ದಿನವನ್ನು ಅಲ್ಲಿಯೇ ನಿಶ್ಚಯಿಸುವುದನ್ನು ಮರೆಯಬಾರದು. ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದ ಕೂಟ ಎರಡನೆಯ ಸಲ ಸೇರುವುದು ವಿರಳ.

ನಿಮ್ಮ ಮನೆಯಲ್ಲಾಗಲಿ, ನೆರೆಯಲ್ಲಾಗಲಿ ಗೋಡೆಗೆ ಒರಗಿಸಿಟ್ಟ ಬೇಸ್ ಗಿಟಾರ್ ಇದ್ದರೆ ಅದರ ಧೂಳು ಒರೆಸಿ, ಅದರ ಒಡೆಯರಿಗೆ ಈ ಬರಹವನ್ನು ತೋರಿಸಿ. ಅವರಂತೆಯೇ ಒಬ್ಬಂಟಿಯಾಗಿ ನುಡಿಸುವ ಇನ್ನೊಬ್ಬರು ಇದೇ ಊರಿನಲ್ಲಿ ಖಂಡಿತ ಇದ್ದಾರೆ. ಇಬ್ಬರಿಗೂ ಶುಭವಾಗಲಿ ಎಂದು ಹಾರೈಸುತ್ತೇವೆ.