ಅಜ್ಜಿಯರ ಬೆಂಚು

ಗೆಳೆಯನೊಬ್ಬ ಒಮ್ಮೆ ‘ಯೋಚನೆ ಜಾಸ್ತಿ ಆಗಿದೆ ಕಣೋ’ ಅಂದಿದ್ದ. ‘ಬಿಟ್ಟಾಕು ಮಾರಾಯ’ ಅಂದುಬಿಟ್ಟೆ. ಒಂದು ಬೆಂಚಿನ ಇತಿಹಾಸ ಓದಿದ ಮೇಲೆ ಆ ಮಾತು ಚುಚ್ಚುತ್ತಿದೆ.

2005, ಜಿಂಬಾಬ್ವೆ. ಮನೋವೈದ್ಯ ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು ಖಿನ್ನತೆಯಿಂದ ಜೀವ ಕಳೆದುಕೊಂಡಳು. ಆಸ್ಪತ್ರೆಗೆ ಬರೋಕೆ ಬಸ್ ಚಾರ್ಜಿಗೂ ದುಡ್ಡಿರಲಿಲ್ಲ. ಹಾಗಾದರೆ ಚಿಕಿತ್ಸೆಯೇ ಜನರ ಹತ್ತಿರ ಹೋಗಬೇಕು ಅಂತ ಅವರಿಗೆ ಅನ್ನಿಸಿತು.

ಸಹಾಯಕ್ಕೆ ಸಿಕ್ಕವರು 14 ಅಜ್ಜಿಯರು. 2006ರಲ್ಲಿ ಅವರಿಗೆ ತರಬೇತಿ ಕೊಟ್ಟು, ಹರಾರೆಯ ಕ್ಲಿನಿಕ್ ಹೊರಗೆ ಬೆಂಚು ಹಾಕಿದರು. ‘ಮಾನಸಿಕ ಆರೋಗ್ಯದ ಬೆಂಚು’ ಅಂದರೆ ಜನ ಹತ್ತಿರ ಬರಲಿಲ್ಲ. ಅಜ್ಜಿಯರೇ ಅದನ್ನು ‘ಗೆಳೆತನದ ಬೆಂಚು’ ಮಾಡಿದರು. ಖಿನ್ನತೆಗೂ ತಮ್ಮ ಶೋನಾ ಮಾತನ್ನೇ ಬಳಸಿದರು: ‘ಕುಫುಂಗಿಸಿಸಾ’. ಅಂದರೆ, ಯೋಚನೆ ಜಾಸ್ತಿ ಆಗೋದು!

ಅಜ್ಜಿ ಉಪದೇಶ ಮಾಡಲ್ಲ. ಪೂರ್ತಿ ಕೇಳಿಸಿಕೊಂಡು, ಒಂದು ಸಮಸ್ಯೆ ಆರಿಸಿ, ದಾರಿ ಹುಡುಕೋಕೆ ಜೊತೆಯಾಗ್ತಾಳೆ. 2016ರಲ್ಲಿ 573 ಜನರ ಅಧ್ಯಯನ ಪ್ರಕಟವಾಯಿತು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಇದ್ದದ್ದು ಬೆಂಚಿನ ಗುಂಪಿನಲ್ಲಿ ಸುಮಾರು ಶೇ. 14 ಜನರಿಗೆ, ಕ್ಲಿನಿಕ್ಕಿನ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 50.

ಔಷಧಿ ಬೇಡ ಅಂತಲ್ಲ, ಮಾತೂ ಚಿಕಿತ್ಸೆಯೇ. ಇವತ್ತು ಆ ಗೆಳೆಯನಿಗೆ ಫೋನ್ ಮಾಡ್ತೀನಿ.