ಸುಂಕದವನ ಮುಂದೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ಮೈಸೂರಿನಲ್ಲಿ 'ಸಾಯರ್' ಎಂಬ ಸರಕಿನ ಸುಂಕದ ವಸೂಲಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಕಟ್ಟೆಯಲ್ಲಿ ಕೂತವನಿಗೆ ಹೇರಿನ ಲೆಕ್ಕ ಮುಖ್ಯ, ದಾರಿಹೋಕನ ಅವಸರವಲ್ಲ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವಧಿಯಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು.

ಕಟ್ಟೆಗಳು ಹೋದವು, ಗಾದೆ ಉಳಿಯಿತು. ನಾನಿರುವ ಸರಸ್ವತಿಪುರಂನಲ್ಲಿ ಮಕ್ಕಳು ವಿದೇಶದಲ್ಲಿರುವ ಮನೆಗಳು ಹಲವು. ಆ ಮಕ್ಕಳಿಗೆ ಕಟ್ಟೆಯೆಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್. ಎಂಬತ್ತರ ದಶಕದಲ್ಲಿ ಮುಂಬಯಿಯ ಸಹಾರ್‌ನಲ್ಲಿ ಇಳಿದು, ಪೆಟ್ಟಿಗೆ ಬಿಚ್ಚಿ ತೋರಿಸಿ, ಸಾಂತಾಕ್ರೂಜ್‌ಗೆ ಓಡಿ ಬೆಂಗಳೂರಿನ ವಿಮಾನ ಹಿಡಿಯಬೇಕಿತ್ತು. 2008ರಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗಿ, ನೇರ ವಿಮಾನಗಳು ಹೆಚ್ಚಿದ ಮೇಲೆ ಹಲವರಿಗೆ ಆ ಓಟ ತಪ್ಪಿತು. ದೆಹಲಿ, ಮುಂಬಯಿಯಲ್ಲಿ ವಿಮಾನ ಬದಲಿಸುವವರಿಗೆ ತಪ್ಪಿಲ್ಲ: ಸಾಮಾನ್ಯವಾಗಿ ಮೊದಲು ಇಳಿದಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಲಗೇಜನ್ನು ಮತ್ತೆ ಒಪ್ಪಿಸಬೇಕು.

ಅಪ್ಪನ ಅಂತ್ಯಸಂಸ್ಕಾರಕ್ಕೆ ಹೊರಟ ಮಗನಿಗೂ ಅದೇ ಸಾಲು. ಸುಂಕ ಕಟ್ಟುವಂಥ ಸರಕು ಅವನಲ್ಲಿ ಏನೂ ಇರುವುದಿಲ್ಲ. ಅವನಿಂದ ವಸೂಲಾಗುವುದು ಹೊತ್ತು. ಇತ್ತ ಮನೆ ಮುಂದೆ ಬೆಂಕಿ ಹಾಕಿಕೊಂಡು ಕೂತವರು ವಿಮಾನದ ವೇಳೆಯನ್ನೇ ಮತ್ತೆಮತ್ತೆ ಕೇಳುತ್ತಿರುತ್ತಾರೆ. ಖಜಾನೆಯ ಕಡತಗಳಲ್ಲಿ ಸುಂಕದ ಹಣದ ಲೆಕ್ಕ ಸಿಗುತ್ತದೆ. ಈ ಹೊತ್ತಿನ ಲೆಕ್ಕ ಗಾದೆಯಲ್ಲಷ್ಟೇ ಉಳಿದಿದೆ.