ಕಣದ ಗಾಳಿ, ಕಂಬದ ಗಾಳಿ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಗಾಳಿಯ ಬೆಲೆ ತಿಳಿದದ್ದು ವಿದ್ಯುತ್ತು ತೆಗೆಯುವ ಫ್ಯಾನ್ ಕಂಬಗಳು ಬಂದ ಮೇಲೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ರೋಣ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಈ ವಿಷಯದಲ್ಲಿ ನನಗಿರುವ ತಿಳಿವಳಿಕೆಯ ಬಹುಪಾಲು ನನ್ನ ವಿದ್ಯಾರ್ಥಿಗಳು ಕಟ್ಟೆ, ಪಡಸಾಲೆ, ಹೊಲ ತಿರುಗಿ ಕೇಳಿಕೊಂಡು ಬಂದದ್ದು.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಶುರುವಾಯಿತು. 10ರಿಂದ 17 ವಯಸ್ಸಿನ ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮೂರಿನದೇ ಒಂದು ಪ್ರಶ್ನೆ ಹಿಡಿದು, ಅಳೆದು, ವಿಚಾರಿಸಿ, ತಮ್ಮ ಭಾಷೆಯಲ್ಲೇ ವರದಿ ಬರೆಯಬೇಕು. ನಮ್ಮಲ್ಲಿ ಇದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 2012–13ರ ಸುತ್ತಿಗೆ ಕೊಟ್ಟ ವಿಷಯ ಶಕ್ತಿ. ಅದನ್ನು ಹುಡುಕುವುದು, ಬಳಸುವುದು, ಉಳಿಸುವುದು. ನಮ್ಮ ಮಕ್ಕಳಿಗೆ ಥರ್ಮಾಕೋಲಿನ ಗಾಳಿಯಂತ್ರ ಮಾಡಿ ಬಲ್ಬು ಹತ್ತಿಸಿ ತೋರಿಸುವ ಉಮೇದು. ಅಂಥ ಮಾದರಿಗಳನ್ನು ಪ್ರದರ್ಶನಗಳಲ್ಲಿ ನೋಡಿ ನೋಡಿ ನನಗೆ ಸಾಕಾಗಿತ್ತು. ಮೊದಲು ನಿಮ್ಮ ಅಜ್ಜಂದಿರು ಗಾಳಿಯಿಂದ ಏನು ಕೆಲಸ ತೆಗೆಯುತ್ತಿದ್ದರು ಕೇಳಿಕೊಂಡು ಬನ್ನಿ ಎಂದು ಕಳಿಸಿದೆ.

ಅವರು ತಂದದ್ದು ಕಣದ ಕಥೆ. ಸುಗ್ಗಿಗೆ ಮುಂಚೆ ನೆಲ ಸಮ ಮಾಡಿ, ನೀರು ಹೊಡೆದು, ತುಳಿದು, ಸಗಣಿಯಿಂದ ಸಾರಿಸಿ ಕಣ ಕಟ್ಟುತ್ತಿದ್ದರು. ನಡುವೆ ಮೇಟಿ, ಸುತ್ತ ಬಿಳಿಜೋಳದ ತೆನೆ, ಅದರ ಮೇಲೆ ಎತ್ತುಗಳ ಹಂತಿ, ರಾತ್ರಿಯಿಡೀ ಹಂತಿಪದ. ತುಳಿದ ಮೇಲೆ ಕಾಳು ಬೇರೆ, ಹೊಟ್ಟು ಬೇರೆ ಮಾಡಲು ಗಾಳಿಯೇ ಬೇಕು. ಮೂರು ಕಾಲಿನ ಎತ್ತರದ ಮಣೆಯ ಮೇಲೆ ಒಬ್ಬ ನಿಂತು ಮೊರ ಎತ್ತಿ ಸುರುವುತ್ತಿದ್ದ. ಕಾಳು ಕಾಲ ಬುಡಕ್ಕೆ, ಜಳ್ಳು ಅದರಾಚೆ, ಹೊಟ್ಟು ಇನ್ನೂ ದೂರ. ಒಂದು ಹುಡುಗಿ, “ಅಜ್ಜಾ, ಗಾಳಿ ಬಿಡದಿದ್ರ ಏನ್ ಮಾಡತಿದ್ರಿ?” ಎಂದು ಕೇಳಿದ್ದಕ್ಕೆ ಮುದುಕರು, “ಕುಂತಿರತಿದ್ವಿ ತಂಗಿ. ಗಾಳಿ ಏನ್ ನಮ್ಮ ಆಳೇನು?” ಅಂದರಂತೆ. ವರದಿಯಲ್ಲಿ ಆ ಉತ್ತರವನ್ನು ಅವಳು ಹಾಗೇ ಬರೆದಿದ್ದಳು. ನಾನು ತಿದ್ದಲಿಲ್ಲ.

ಬೀಸಿದ ಗಾಳಿಯೆಲ್ಲ ತೂರಲು ಆಗಿಬರುವುದಿಲ್ಲ ಎಂಬುದು ಮಕ್ಕಳಿಗೆ ಹೊಸ ಸಂಗತಿ. ಸುಂಯ್ ಎಂದು ಒಂದೇ ಸಮ ಬೀಸುವ ಹದವಾದ ಗಾಳಿ ಬೇಕು. ಬಿರುಗಾಳಿ ಎದ್ದರೆ ಕಾಳೂ ಹೊಟ್ಟಿನ ಜೊತೆ ಹೋಗುತ್ತದೆ. ಆಗ ಮೊರ ಇಳಿಸಿ ರಾಶಿಗೆ ಗುಡಾರ ಹೊದಿಸಬೇಕು. ಇದನ್ನು ತರಗತಿಯಲ್ಲಿ ಕಂಬದ ಗಾಳಿಯ ಜೊತೆ ಇಟ್ಟು ತೋರಿಸಿದೆ. ದೊಡ್ಡ ಯಂತ್ರಗಳೂ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದ ಗಾಳಿ ಬಂದಾಗ ವಿದ್ಯುತ್ತು ಕೊಡಲು ಶುರುಮಾಡುತ್ತವೆ, 25 ಮೀಟರಿನ ಹತ್ತಿರ ಬಂದರೆ ತಾವಾಗಿ ನಿಂತುಬಿಡುತ್ತವೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು. ಮುದುಕರಿಗೆ ಈ ಸೂತ್ರ ಗೊತ್ತಿರಲಿಲ್ಲ, ಆದರೆ ಗುಡಾರ ಯಾವಾಗ ಹೊದಿಸಬೇಕು ಎಂಬುದು ಗೊತ್ತಿತ್ತು.

ಆದರೆ ಕಣದ ಗಾಳಿ ಬೇರೆ, ಕಂಬದ ಗಾಳಿ ಬೇರೆ. ಕಣದ್ದು ಸುಗ್ಗಿಯ ಸಂಜೆಯ ಗಾಳಿ. ಫ್ಯಾನುಗಳು ಹೆಚ್ಚು ದುಡಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಮುಂಗಾರಿನ ಪಡುಗಾಳಿಗೆ. ಅರಬ್ಬೀ ಸಮುದ್ರದಿಂದ ಬರುವ ಆ ಗಾಳಿ ಸಹ್ಯಾದ್ರಿಯಲ್ಲಿ ನೀರು ಸುರಿದು, ಒಣಗಿ, ಗಿಡಮರ ಕಡಿಮೆಯಿರುವ ನಮ್ಮ ಎರೆಬಯಲಿನ ಮೇಲೆ ತಡೆಯಿಲ್ಲದೆ ಬೀಸುತ್ತದೆ. ಗಜೇಂದ್ರಗಡದ ಗುಡ್ಡಸಾಲು ಅಡ್ಡ ಬಂದಾಗ ಮೇಲೇರಿ ಇನ್ನಷ್ಟು ಜೋರಾಗುತ್ತದೆ. ನಮ್ಮ ಹಿರಿಯರು ಶಾಪ ಹಾಕಿದ್ದು ಈ ಗಾಳಿಗೇ. ಮೋಡ ಕಟ್ಟುತ್ತದೆ, ಹೆಸರು ಬಿತ್ತಿದವನು ಮುಗಿಲು ನೋಡುತ್ತ ನಿಲ್ಲುತ್ತಾನೆ, ಗಾಳಿ ಮೋಡವನ್ನು ಮೂಡಣಕ್ಕೆ ಹೊಡೆದುಕೊಂಡು ಹೋಗುತ್ತದೆ. ತಲೆಮಾರುಗಳ ಬರಕ್ಕೆ ಕಾರಣವೆಂದು ಬೈಸಿಕೊಂಡ ಗಾಳಿಗೆ ಈಗ ಯೂನಿಟ್ಟಿನ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ಈ ಸೀಮೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಮಾಷೆ ನನಗೆ ಕಂಡಿಲ್ಲ.

ಕಾಳು ಹಸನಾದ ಮೇಲಿನ ಕಥೆಯನ್ನೂ ಮಕ್ಕಳು ಬಿಡಲಿಲ್ಲ. ಜೋಳ ನೆಲದಲ್ಲಿ ತೋಡಿದ ಹಗೇವಿಗೆ ಹೋಗುತ್ತಿತ್ತು. ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆ ಸುತ್ತ ಒಣಹುಲ್ಲು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಹುಳ ಸಾಯುತ್ತದೆ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇಂಗಾಲದ ಡೈಆಕ್ಸೈಡಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಒಂದು ಯೂನಿಟ್ ಕರೆಂಟೂ ಬೇಡದ ಉಗ್ರಾಣ ಅದು. ಇತ್ತೀಚಿನ ವರ್ಷಗಳಲ್ಲಿ ನರಗುಂದ ಪಟ್ಟಣದಲ್ಲಿ ಅಂತರ್ಜಲ ಮೇಲೇರಿ ಮನೆಗಳ ನೆಲ ಕುಸಿದಾಗ, ಮರೆತುಹೋದ ಹಳೆಯ ಹಗೇವುಗಳೂ ಒಂದು ಕಾರಣವೆಂಬ ಮಾತು ಕೇಳಿಬಂತು.

ಗಾಳಿಯನ್ನು ಅಳೆದು ಬರೆದಿಡುವ ಕೆಲಸ ನಮ್ಮ ನಾಡಿಗೆ ಬಂದದ್ದು ಬೆಂಗಳೂರಿನ ಮೂಲಕ. ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರ ರೂಪಿಸಿತ್ತು. ಆಮೇಲೆ ಅನ್ನಾ ಮಣಿ. ಹವಾಮಾನ ಇಲಾಖೆಯಿಂದ 1976ರಲ್ಲಿ ನಿವೃತ್ತರಾದ ಆಕೆ ಬೆಂಗಳೂರಿನಲ್ಲಿ ಕುಳಿತು ದೇಶದ ಉದ್ದಗಲಕ್ಕೂ ಕಂಬ ನೆಟ್ಟು ಗಾಳಿಯ ಸಮೀಕ್ಷೆ ಮಾಡಿಸಿದರು. ಎಲ್ಲಿ ಯಂತ್ರ ನಿಲ್ಲಿಸಿದರೆ ಲಾಭ ಎಂಬ ಅರಿವಿಗೆ ಆ ಅಂಕಿಗಳೇ ಬುನಾದಿ. ನಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ನಾನು ಆಕೆಯ ಹೆಸರು ಬಾಯಿಪಾಠ ಮಾಡಿಸಿದ್ದೇನೆ.

ಯಂತ್ರಗಳು ಮೊದಲು ಬಂದದ್ದು ಗುಡ್ಡಗಳಿಗೆ, ಕಪ್ಪತಗುಡ್ಡದ ಸಾಲಿಗೆ, ಗಜೇಂದ್ರಗಡದ ನೆತ್ತಿಗೆ. ಅಲ್ಲಿನ ಕಾಲಕಾಲೇಶ್ವರನ ಜಾತ್ರೆಗೆ ಹೋದವರು ದೇವರಿಗೆ ಕೈಮುಗಿದು ಫ್ಯಾನು ನೋಡಿಕೊಂಡು ಬರುವುದು ರೂಢಿಯಾಯಿತು. ಕಪ್ಪತಗುಡ್ಡದಲ್ಲಿ ರಸ್ತೆಗಾಗಿ ಗುಡ್ಡದ ಮೈ ಕೊರೆದದ್ದನ್ನು ನಾನು ಮೆಚ್ಚಿಲ್ಲ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು, ಒಳ್ಳೆಯದೇ ಆಯಿತು.

ಮಕ್ಕಳ ದೊಡ್ಡ ತಕರಾರು ಮಾತ್ರ ಬೇರೆ. “ಸರ, ಫ್ಯಾನ್ ನಮ್ಮೂರ ಗುಡ್ಡದ ಮ್ಯಾಲ ತಿರಗತಾವ. ಮತ್ತ ನಮ್ಮನ್ಯಾಗ ಕರೆಂಟ್ ಯಾಕ ಹೊಕ್ಕತಿ?” ಕಂಬದ ವಿದ್ಯುತ್ತು ನೇರ ಊರಿಗೆ ಇಳಿಯುವುದಿಲ್ಲ, ಉಪಕೇಂದ್ರಕ್ಕೆ ಹೋಗಿ ರಾಜ್ಯದ ಜಾಲಕ್ಕೆ ಸೇರುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ. ಜೊತೆಗೆ ಶಿವನಸಮುದ್ರದ ಕಥೆಯನ್ನೂ ಹೇಳಿದೆ: 1902ರಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಹೊಳೆದಂಡೆಯ ಊರುಗಳು ಇನ್ನೂ ಬಹಳ ಕಾಲ ಕಾದವು. ಉತ್ತರ ಕೇಳಿ ಮಕ್ಕಳಿಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆಗತೊಡಗಿತ್ತು. ಪರಿಸ್ಥಿತಿ ಸುಧಾರಿಸಿತು, ಪ್ರಶ್ನೆ ಉಳಿಯಿತು.

ಮಕ್ಕಳ ವರದಿಯಲ್ಲಿ ಅಡುಗೆ ಉರುವಲಿನ ಅಧ್ಯಾಯ ಸಣ್ಣದು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು, ಕಣ್ಣಲ್ಲಿ ನೀರು. ಹೊಗೆ ಕೊಳವೆಯ ಅಸ್ತ್ರ ಒಲೆ, ಗೋಬರ್ ಗ್ಯಾಸು ಬಂದವು, ಕೆಲವು ಮನೆಗಳಲ್ಲಿ ಉಳಿದವು. ಹುಡುಗರು ಇದನ್ನು ಒಂದು ಪುಟದಲ್ಲಿ ಮುಗಿಸಿದ್ದರು. ಒಲೆ ಹೊತ್ತಿಸುವವರು ಅವರಲ್ಲವಲ್ಲ!

ಸಮಾವೇಶದ 2014–15ರ ವಿಷಯ ಹವಾಮಾನ ಮತ್ತು ವಾಯುಗುಣ. ಆಗ ಮುಖ್ಯ ಸಾಕ್ಷಿ 2009ರ ನೆರೆ. ಬರದ ನಾಡೆಂದು ಹೆಸರಾದ ಕಡೆ ಮಲಪ್ರಭೆ, ಬೆಣ್ಣೆಹಳ್ಳ ಎರಡೂ ಉಕ್ಕಿ ಹೊಳೆಆಲೂರ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. 2019ರ ಆಗಸ್ಟ್‌ನಲ್ಲಿ ಕೊಣ್ಣೂರ ಭಾಗದಲ್ಲಿ ಅದೇ ಪುನರಾವರ್ತನೆ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟು ತುಂಬಿತೆಂದರೆ ಕೆಳಗಿನವರಿಗೆ ಎದೆ ಡವಗುಟ್ಟುತ್ತದೆ, ತುಂಬದಿದ್ದರೆ ಕಾಲುವೆ ಕೊನೆಯವರಿಗೆ.

ನರಗುಂದದ ಹುಡುಗರ ಜೊತೆ ಕಾಲುವೆಯ ಮಾತು ಬಂದರೆ ಅದು 1980ಕ್ಕೆ ಹೋಗಿ ನಿಲ್ಲುತ್ತದೆ. ಕಾಲುವೆ ಬಂತೆಂದು ಜಮೀನಿನ ಮೇಲೆ ಹಾಕಿದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. ಜುಲೈ 21ರಂದು ಗೋಲಿಬಾರ್ ಆಯಿತು. ಸತ್ತ ರೈತನ ವೀರಗಲ್ಲಿಗೆ ಇಂದಿಗೂ ಆ ದಿನ ಹೂವು ಬೀಳುತ್ತದೆ. ನೀರು ಎಲ್ಲರದು, ಕರ ಯಾರದು ಎಂಬುದೇ ಆಗಿನ ಜಗಳ. ಗಾಳಿಯ ವಿಷಯದಲ್ಲಿ ಅದೇ ಜಗಳ ಬೇರೆ ಮೋರೆ ಹೊತ್ತು ಬಂದಿದೆ. ಫ್ಯಾನುಗಳು ಈಗ ಗುಡ್ಡ ಇಳಿದು ಎರೆಹೊಲಕ್ಕೆ ಬಂದಿವೆ. ರೆಕ್ಕೆ ಹೊತ್ತ ಉದ್ದನೆಯ ಲಾರಿ ಹೋಗಲು ಕರಿಮಣ್ಣಿನ ಮೇಲೆ ಗರಸು ಸುರಿಯುತ್ತಾರೆ. ಆ ಪಟ್ಟಿಯಲ್ಲಿ ಮತ್ತೆ ಕಡಲೆ ಹುಟ್ಟುವುದು ಕಷ್ಟ. ಕಂಬ ಬಂದವನಿಗೆ ಹಣ, ತಂತಿ ಹಾದವನಿಗೆ ಪುಡಿಗಾಸು, ಬದುವಿನಾಚೆಯವನಿಗೆ ಸದ್ದು ಮಾತ್ರ.

ಹೀಗಾಗಿ ಈಚೆಗೆ ನಮ್ಮ ಮಕ್ಕಳು ಮಾಡುತ್ತಿರುವ ಕೆಲಸ ಥರ್ಮಾಕೋಲಿನದೂ ಅಲ್ಲ, ಹಂತಿಪದದ್ದೂ ಅಲ್ಲ. ಮನೆಗೆ ಬಂದ ಕರಾರುಪತ್ರವನ್ನು ಸಂಜೆ ನನ್ನ ಕಟ್ಟೆಗೆ ತಂದು, ಒಂದೊಂದೇ ಕಲಮು ಬಿಡಿಸಿ, ಅಜ್ಜ-ಅಜ್ಜಿಯರಿಗೆ ಓದಿ ಹೇಳುತ್ತಾರೆ. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ದಾರಿ ಯಾರ ಹೆಸರಲ್ಲಿ ಉಳಿಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮೊನ್ನೆ ಹತ್ತನೆಯ ತರಗತಿಯ ಹುಡುಗನೊಬ್ಬ ಕೊನೆಯ ಪುಟ ಮುಗಿಸಿ ತಲೆಯೆತ್ತಿದ. “ಸರ, ಕರಾರು ಮುಗದ ಮ್ಯಾಲ ಹೊಲದಾಗ ಹುಗದ ಕಾಂಕ್ರೀಟ್ ಯಾರು ತಗೀಬೇಕು ಅಂತ ಇದರಾಗ ಎಲ್ಲೂ ಬರದಿಲ್ಲಲ್ರಿ.” ಅವನ ಅಜ್ಜ ಸಹಿ ಹಾಕದೆ ಪತ್ರ ಮಡಚಿ, ಅದನ್ನು ಬರೆಸಿಕೊಂಡು ಬಾ ಎಂದು ಏಜೆಂಟನಿಗೆ ಫೋನು ಹಚ್ಚಿದ.